ಲಗ್ನಪತ್ರಿಕೆಯ ಐದನೇ ಹೆಸರು

ಮನುಷ್ಯ ಹೋದರೂ ಅವನ ಹೆಸರು ಉಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನ್ನ ಹೆಸರಿಗೆ ಅಷ್ಟು ತಾಳ್ಮೆಯಿರಲಿಲ್ಲ. ನಾನಿರುವಾಗಲೇ ಒಬ್ಬಂಟಿಯಾಗಿ ಪೊಲೀಸ್ ಠಾಣೆಗೆ ಹೋಗಿ ಕೂತಿತು.

ಇದು ನೆನಪಾದದ್ದು ಇವತ್ತು ಬೆಳಿಗ್ಗೆ, ಅಕ್ಕನ ಮಗಳು ರೂಪ ಚನ್ನಪಟ್ಟಣದಿಂದ ತಂದ ತನ್ನ ಲಗ್ನಪತ್ರಿಕೆಯ ಕರಡಿನ ಶಾಯಿ ವಾಸನೆಗೆ.

“ಮಾವ, ನಿಮ್ಮೆಸ್ರು ಹಾಕ್ಸದಾ, ಬ್ಯಾಡ್ವಾ?”

ಸೋದರಮಾವನನ್ನು ಹೀಗೂ ಕೇಳುವುದುಂಟೇ ಅನ್ನುತ್ತೀರಿ. ಉಂಟು. ಅವಳ ಅಣ್ಣ ಮಹೇಶನ ಮದುವೆ ಕಾರ್ಡಿನ ‘ಸುಖಾಗಮನ ಬಯಸುವವರು’ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಗಿತ್ತು. ಎರಡು ದಿನ ಅಕ್ಕನ ಮನೆಯ ಕಾಫಿ ಮುಟ್ಟಲಿಲ್ಲ ನಾನು. ಸತ್ಯಾಗ್ರಹ ಗೆದ್ದಿತು, ಕಾರ್ಡು ಮತ್ತೆ ಅಚ್ಚಾಯಿತು: ಅಕ್ಕ, ಭಾವ, ಮಹೇಶನ ಅಣ್ಣ, ಅತ್ತಿಗೆ, ಐದನೆಯವನಾಗಿ ನಾನು.

ಎರಡನೇ ವರ್ಷ ಮಹೇಶ ಹೆಂಡತಿ ಸುಧಾಳ ಮೇಲೆ ಕೈ ಮಾಡಿದ. ಅವಳು ಮಾಗಡಿಯ ತವರಿಗೆ ಹೋದಳು. ಅವಳ ಚಿಕ್ಕಪ್ಪ ಕಾರ್ಡನ್ನು ಮುಂದಿಟ್ಟುಕೊಂಡು ದೂರು ಬರೆಸಿದ. ವರದಕ್ಷಿಣೆಗಾಗಿ ಪೀಡಿಸಿದವರು ಮಹೇಶ, ಆಮೇಲೆ ಆ ಐವರು, ಅದೇ ಸಾಲಿನಲ್ಲಿ. ಆ ಮದುವೆಯಲ್ಲಿ ನಾನು ಕೇಳಿ ಪೀಡಿಸಿದ್ದು ಮೂರನೇ ಹೋಳಿಗೆಯನ್ನು ಮಾತ್ರ.

ನನ್ನದು ಹೋಗಲಿ. ರೂಪಳಿಗೆ ಕೂಡಿಬಂದಿದ್ದ ಕನಕಪುರದ ಸಂಬಂಧ ನಿಂತುಹೋಯಿತು. “ಹೆಣ್ಣಿನ್ ಮನೇವ್ರ ಮೇಲೆಲ್ಲ ಕೇಸೈತೆ. ಮೊದ್ಲು ಮುಗಿಸ್ಕಳಿ, ಆಮ್ಯಾಕೆ ನೋಡಾನ” ಅಂದರು ಗಂಡಿನ ಕಡೆಯವರು. ಹುಡುಗಿ ಮಾತು ಕಡಿಮೆ ಮಾಡಿದಳು.

ಒಂದು ದಿನ ರಾಮನಗರದ ಕೋರ್ಟಿನ ವರಾಂಡದಲ್ಲಿ ಸುಧಾ ತಾನಾಗಿ ಅಕ್ಕನ ಹತ್ತಿರ ಬಂದಳು.

“ಅತ್ತೆ, ನಿಮ್ ಯಾರ ಹೆಸ್ರೂ ನಾನ್ ಹೇಳಿರ್ನಿಲ್ಲ. ಚಿಕ್ಕಪ್ಪ ಬರ್ಸ್ದ, ನಾನು ಓದ್ದೆ ಸೈನ್ ಹಾಕ್ಬುಟ್ಟೆ. ಕೋರ್ಟ್‌ಗೆ ಬರ್ಕೊಡ್ತೀನಿ. ಆದ್ರೆ ನಿಮ್ಮಗನ್ನ ಮಾತ್ರ ಬುಡಾಕಿಲ್ಲ.”

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಬುಡಬ್ಯಾಡ ಕಣವ್ವ. ಕೈ ಮಾಡ್ದೋನು ಅವ್ನೇ ತಾನೆ?” ಆಮೇಲೆ, “ಉಂಡ್ಯಾ?” ಅಂದಳು.

ಆರನೇ ಆರೋಪಿಯಾದ ನಾನು ನ್ಯಾಯಾಂಗದ ಘನತೆಗೆ ಕುಂದು ಬಾರದಂತೆ ಮೂರು ಟೀ ತರಲು ಹೋದೆ. ಕಣ್ಣಿಗೆ ಧೂಳು ಬಿದ್ದಿತ್ತೆಂದು ಅಂಗಡಿಯವನಿಗೆ ಹೇಳಿದ್ದು ಸುಳ್ಳು.

ಅದಕ್ಕೇ ಈಗ ರೂಪಳಿಗೆ, “ಹಾಕ್ಸು. ಇಲ್ದಿದ್ರೂ ಕಾಫಿ ಕುಡೀತೀನಿ” ಅಂದೆ.

“ಹೆದ್ರಬ್ಯಾಡಿ ಮಾವ, ಈ ಸಲ ನಾವು ಹೆಣ್ಣಿನ ಕಡೆಯೋರು!”

ಸುಧಾ ಬರೆದುಕೊಟ್ಟ ಮೇಲೆ ನಮ್ಮ ಐವರ ಮೇಲಿನ ಪ್ರಕರಣವನ್ನು ಹೈಕೋರ್ಟು ರದ್ದುಮಾಡಿತು. ಮಹೇಶನ ಮೇಲಿನದು ನಡೆಯುತ್ತಿದೆ. ರೂಪಳ ಮದುವೆ ಮುಂದಿನ ತಿಂಗಳು ಕೆಂಗಲ್ಲಿನಲ್ಲಿ, ಅದೇ ಕನಕಪುರದ ಹುಡುಗನ ಜೊತೆ.