ಬಸ್‌ಸ್ಟಾಪಿನ ಮೇಲೆ ಮಾವನ ಮುಖ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಸ್ವಲ್ಪನಗಿ’ ಎಂದು. ಕ್ಯಾಮೆರಾ ಕಣ್ಣಿಗೆ ಹಿಡಿದ ಕೂಡಲೇ ಅವನ ಬಾಯಿಂದ ಬರುವ ಮಾತು ಅದೊಂದೇ. ಹಲ್ಲಿನ ಡಾಕ್ಟರಿಗೂ ‘ಸ್ವಲ್ಪ ನಗಿ ಸಾರ್’, ರಚ್ಚೆ ಹಿಡಿದ ಕೂಸಿಗೂ ‘ಸ್ವಲ್ಪ ನಗು ಪುಟ್ಟಾ’. ಒಮ್ಮೆ ಚಪ್ಪಲಿ ಕಂಪನಿಯವರಿಗೆ ಬೂಟಿನ ಫೋಟೋ ತೆಗೆಯುವಾಗ ಆ ಬೂಟುಗಳಿಗೂ ಹಾಗೇ ಹೇಳಿದನಂತೆ. ಇದು ಕಟ್ಟುಕತೆಯಲ್ಲ, ಹೆಂಡತಿ ಕಿವಿಯಾರೆ ಕೇಳಿದ್ದು.

ಅವನಿಗೆ ಆಫೀಸಿಲ್ಲ, ಮೇಲಧಿಕಾರಿಯಿಲ್ಲ, ಹೋಗುವ ಹೊತ್ತು ಬರುವ ಹೊತ್ತು ಎಂಬ ಕಟ್ಟುಪಾಡಿಲ್ಲ. ಯಾರು ಕರೆದರೆ ಅವರ ಕೆಲಸ. ಇವತ್ತು ಮನೆ ಬ್ರೋಕರಿಗಾಗಿ ಖಾಲಿ ಮನೆಯ ಫೋಟೋ. ಬಚ್ಚಲು ಹಜಾರದಷ್ಟು ದೊಡ್ಡದಾಗಿ ಕಾಣಬೇಕು. ನಾಳೆ ಹೋಟೆಲಿನ ಮೆನುವಿಗೆ ತಟ್ಟೆಗಳ ಫೋಟೋ. ನಾಡಿದ್ದು ಏನೂ ಇಲ್ಲ. ಏನೂ ಇಲ್ಲದ ದಿನ ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದು, ಹಾಸಿಗೆಯ ಬಿಳಿ ಚಾದರವನ್ನು ಗೋಡೆಗೆ ಇಳಿಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಫೋಟೋ ತೆಗೆದು, ಫೋಟೋ ಮಾರುವ ಜಾಲತಾಣಕ್ಕೆ ಏರಿಸುತ್ತಾನೆ. ಬೇಕಾದವರು ಕೊಳ್ಳುತ್ತಾರೆ. ಯಾರು ಕೊಂಡರು, ಯಾತಕ್ಕೆ ಕೊಂಡರು ಎಂಬುದು ಇವನಿಗೆ ತಿಳಿಯುವುದಿಲ್ಲ. ಹೆಂಡತಿಯ ಬಲಗೈ ಹೀಗೆಯೇ ಎಲ್ಲೆಲ್ಲೋ ಸುತ್ತಿ ಬಂದಿದೆ: ಪಾತ್ರೆ ತೊಳೆಯುವ ಸೋಪಿನ ಮೇಲೆ, ಸುಟ್ಟಗಾಯದ ಮುಲಾಮಿನ ಮೇಲೆ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. “ನನ್ನ ಕೈ ನೋಡಿದಷ್ಟು ಊರು ನಾನು ನೋಡಿಲ್ಲ” ಎಂದು ಅಲ್ಲಿ ಬಂದವರೆದುರೆಲ್ಲ ದೂರುತ್ತಾಳೆ. ಮಲಗಲು ಹೋದರೆ ಹಾಸಿಗೆಯ ಮೇಲೆ ಚಾದರವಿರುವುದಿಲ್ಲ ಎಂಬ ದೂರು ಬೇರೆ.

ಇದೂ ಒಂದು ಕೆಲಸವೇ ಎಂದು ಒಪ್ಪದವರು ಆ ಮನೆಯಲ್ಲಿ ಒಬ್ಬರಿದ್ದರು. ಅವಳ ತಂದೆ. ಇವರಿಬ್ಬರೂ ಮಹಡಿಯ ಮೇಲೆ, ಅವರು ಕೆಳಗೆ. ಜೀವಮಾನವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬೀದಿಯವರ ಬಾಯಲ್ಲಿ ‘ಟಿ.ಸಿ. ಸಾಹೇಬರು’. ಬೋಗಿಯ ಈ ಬಾಗಿಲಲ್ಲಿ ನಿಂತು, ಆ ಕೊನೆಯಲ್ಲಿ ಟಿಕೆಟ್ ಇಲ್ಲದೆ ಕೂತವನನ್ನು ಬರೀ ಮುಖ ನೋಡಿ ಹಿಡಿಯುತ್ತಿದ್ದರೆಂದು ಪ್ರಸಿದ್ಧಿ. ಮೀಸೆಯಲ್ಲಿ ಒಂದು ಕೂದಲೂ ಅಡ್ಡಾದಿಡ್ಡಿಯಾಗಿ ಇರುತ್ತಿರಲಿಲ್ಲ. ಮದುವೆಯಾದ ಮಾರನೆಯ ಬೆಳಗ್ಗೆ ಅವರು ಅಳಿಯನನ್ನು ಕೇಳಿದರು: “ಏನಪ್ಪಾ, ಕೆಲಸ ಸಿಕ್ತಾ?” ಅಂದಿನಿಂದ ಆ ಪ್ರಶ್ನೆ ಒಂದು ದಿನವೂ ತಪ್ಪಿಲ್ಲ. ಇವನು “ಇದೆಯಲ್ಲ ಮಾವ” ಎನ್ನುತ್ತಾನೆ, ಅವರು “ಹೂಂ” ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಹೊರಗಿನವರಿಗೆ ಪರಿಚಯ ಮಾಡಿಕೊಡುವಾಗಲೂ ಅಷ್ಟೇ. “ಮಗಳ ಗಂಡ. ಫೋಟೋ ಗೀಟೋ ತೆಗೀತಾನೆ” ಎನ್ನುತ್ತಿದ್ದರೇ ಹೊರತು ‘ನಮ್ಮ ಅಳಿಯ’ ಎಂಬ ಎರಡು ಮಾತು ಆ ಬಾಯಿಂದ ಬಂದದ್ದಿಲ್ಲ. ಆ ‘ಗೀಟೋ’ ಇವನ ಎದೆಗೆ ಚುಚ್ಚುತ್ತಿತ್ತು. ಯಾಕೆಂದರೆ ಇವನಿಗೆ ಆ ಮುದುಕರೆಂದರೆ ಪ್ರೀತಿ. ತಂದೆಯಿಲ್ಲದೆ ಬೆಳೆದವನು. ಒಂದು ಸಲವಾದರೂ ಅವರು ನಾಲ್ಕು ಜನರ ಮುಂದೆ ‘ನಮ್ಮ ಅಳಿಯ’ ಅನ್ನಲಿ ಎಂದು ಒಳಗೊಳಗೇ ಆಸೆಪಡುತ್ತಿದ್ದ. ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ.

ಹಾಗಿರುವಾಗ ಮಾವನೇ ಒಂದು ದಿನ ಕೋಟು ತೊಟ್ಟು ಮಹಡಿ ಹತ್ತಿ ಬಂದರು. “ನಂದೂ ಒಂದು ನಾಲ್ಕು ಫೋಟೋ ತೆಗೆದು ಮಾರಾಟಕ್ಕೆ ಹಾಕು. ಬ್ಯಾಂಕಿನವರಿಗೋ ವಿಮೆಯವರಿಗೋ ಇಂಥ ಮುಖ ಬೇಕಾಗುತ್ತೆ” ಎಂದರು. ಇವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಎಡದಿಂದ ಬಲದಿಂದ ತೆಗೆದ. ನಡುವೆ ಹೆಂಡತಿ ಅಡುಗೆಮನೆಯಿಂದ ಒಂದು ಜಾಡಿ ತಂದು “ಅಪ್ಪಾ, ಇದರ ಮುಚ್ಚಳ ಬರ್ತಿಲ್ಲ” ಎಂದಳು. ಆ ಮನೆಯಲ್ಲಿ ಮುಚ್ಚಳ ತೆಗೆಯುವುದು ಅವರದೇ ಹಕ್ಕು. ತಿರುಚಿದರು, ಬರಲಿಲ್ಲ. ಹಲ್ಲು ಕಚ್ಚಿದರು, ಕಣ್ಣು ಮುಚ್ಚಿದರು, ಮುಖ ಕೆಂಪಾಯಿತು, ಕತ್ತಿನ ನರ ಹುರಿಗೊಂಡಿತು. ಕೈ ಸುಮ್ಮನಿರಬೇಕಲ್ಲ, ಇವನು ಅದನ್ನೂ ಕ್ಲಿಕ್ಕಿಸಿದ. ಕೋಟಿನ ಫೋಟೋಗಳ ಜೊತೆಗೆ, ಜಾಡಿಯನ್ನು ಕತ್ತರಿಸಿ ಬರೀ ಮುಖ ಉಳಿಸಿ, ಅದನ್ನೂ ಏರಿಸಿದ. ಕೋಟಿನವು ಒಂದೂ ಮಾರಾಟವಾಗಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಬ್ರೋಕರಿನ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದವನು ಬೀದಿ ಮೂಲೆಯ ಸಿಗ್ನಲ್ಲಿನಲ್ಲಿ ನಿಂತು ತಲೆಯೆತ್ತಿದ. ಬಸ್‌ಸ್ಟಾಪಿನ ಮೇಲಿನ ಹೋರ್ಡಿಂಗಿನಲ್ಲಿ, ಮನೆಯಷ್ಟು ಎತ್ತರಕ್ಕೆ, ಮಾವ. ಹರಳೆಣ್ಣೆ ಕುಡಿದ ಮುಖ. ಪಕ್ಕದಲ್ಲಿ ದಪ್ಪಕ್ಷರದಲ್ಲಿ, ‘ಬೆಳಗಾದರೆ ಇದೇ ಪಾಡೇ?’ ಅದರ ಕೆಳಗೆ ಮಲಬದ್ಧತೆಯ ಸಿರಪ್ಪಿನ ಬಾಟಲಿ. ಹಸಿರು ದೀಪ ಬಂದು, ಹಿಂದಿನವರು ಹಾರ್ನು ಬಾರಿಸಿ, ಬೈದು, ಪಕ್ಕದಿಂದ ದಾಟಿ ಹೋದರೂ ಇವನು ಅಲ್ಲೇ ನಿಂತಿದ್ದ.

ಹೆಂಡತಿಯನ್ನು ಅಂಗಡಿಯಿಂದ ಎಳೆದು ತಂದು ತೋರಿಸಿದ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ತಲೆ ಮೇಲೆ ಕೈ ಹೊತ್ತಳು.

“ಅಪ್ಪ ದಿನಾ ಬೆಳಗ್ಗೆ ಇದೇ ದಾರೀಲಿ ವಾಕಿಂಗ್ ಹೋಗೋದು ಕಣ್ರೀ.”

“ಗೊತ್ತು ಕಣೇ. ಅವರು ಇದನ್ನ ನೋಡಿದ್ರೆ ನಾನು ಈ ಜನ್ಮದಲ್ಲಿ ಅಳಿಯ ಆಗಲ್ಲ.”

“ಅವರ ವಾಕಿಂಗ್ ಸ್ನೇಹಿತರು ನೋಡಿ ಹೇಳಿದ್ರೆ?”

“ಅವರಿಗೆಲ್ಲ ಕಣ್ಣು ಮಂಜು ಅಂತ ನೀನೇ ಹೇಳ್ತಿದ್ಯಲ್ಲ. ನಿನ್ನ ಅಂಗಡಿ ಗಿರಾಕಿಗಳೇ ತಾನೆ?”

ಅವಳ ಬುದ್ಧಿ ಓಡಿತು. ಮನೆಗೆ ಹೋದವಳೇ “ಅಪ್ಪಾ, ಕನ್ನಡಕದ ಕಡ್ಡಿ ಸಡಿಲ ಆಗಿದೆ, ಅಂಗಡಿಗೆ ಒಯ್ದು ಸರಿಮಾಡಿಸ್ತೀನಿ” ಎಂದು ತಂದೆಯ ಮೂಗಿನ ಮೇಲಿಂದಲೇ ಕನ್ನಡಕ ಕಿತ್ತುಕೊಂಡಳು. ಅಷ್ಟಾಗಿ ಸ್ವಲ್ಪ ಹೊತ್ತಿಗೆ ಮಾವ ಧಡಧಡನೆ ಮಹಡಿ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ಸ್ವಲ್ಪನಗಿ ಬಾಗಿಲು ತೆಗೆದ. ಅವರು ಬಾಯಿ ತೆರೆಯುವ ಮೊದಲೇ ಇವನು, “ಮಾವ, ನಾಳೆಯಿಂದ ನಾನೂ ನಿಮ್ಮ ಜೊತೆ ವಾಕಿಂಗ್ ಬರ್ತೀನಿ. ಹಿಂದಿನ ಗಲ್ಲೀಲಿ ಹೋಗೋಣ. ಅಲ್ಲಿ ನೆರಳಿದೆ” ಎಂದುಬಿಟ್ಟ. ಮಾವ ಇವನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ “ಹೂಂ, ಆಯ್ತು” ಎಂದು ಇಳಿದು ಹೋದರು. ಯಾಕೆ ಬಂದಿದ್ದರೆಂದು ಕೇಳಲು ಇವನಿಗೆ ತೋಚಲೇ ಇಲ್ಲ.

ಮಾರನೆಯ ದಿನ ಅವನು, ಹೋರ್ಡಿಂಗಿನ ಮೂಲೆಯಲ್ಲಿ ಹೆಸರು ಹಾಕಿದ್ದ ಜಾಹೀರಾತು ಕಂಪನಿಗೆ ಓಡಿದ. ಆ ಹೋರ್ಡಿಂಗ್ ಮಾಡಿಸಿದವನು ಇವನಿಗೆ ಆಗಾಗ ಕೆಲಸ ಕೊಡುವವನೇ. ಎಲ್ಲವೂ ಅರ್ಜೆಂಟ್ ಎನ್ನುತ್ತಿದ್ದುದರಿಂದ ಅವನ ಹೆಸರೇ ಅರ್ಜೆಂಟ್ ಎಂದಾಗಿತ್ತು.

“ನಿಮ್ಮ ಮಾವನಾ? ಎಂಥ ಮುಖ ಮಾರಾಯ್ರೆ. ಸಿರಪ್ಪಿನವರಂತೂ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ತೆಗೆಯೋ ಮಾತೇ ಇಲ್ಲ.”

ಇವನು ಕೈ ಮುಗಿದ, ಗೋಗರೆದ, ಅವನ ಮೇಜಿನ ಮುಂದೆ ಜಪ್ಪಯ್ಯ ಅಂದರೂ ಏಳದೆ ಕೂತ. ಕೊನೆಗೆ ಅರ್ಜೆಂಟ್, “ಇದಕ್ಕಿಂತ ಒಳ್ಳೆ ಮುಖ ತಂದು ಕೊಡಿ, ಬದಲಾಯಿಸ್ತೀನಿ. ಆದ್ರೆ ಅರ್ಜೆಂಟು” ಎಂದ.

ಅಂಥ ಮುಖಕ್ಕೆ ಎಲ್ಲಿಗೆ ಹೋಗಬೇಕು? ಯಾರನ್ನಾದರೂ ಕೂರಿಸಿ, ಮಲಬದ್ಧತೆಯವನ ಹಾಗೆ ಕಾಣಿ ಎಂದರೆ ಒದೆ ಬಿದ್ದೀತು. ಅದೂ ಅಲ್ಲದೆ ಒಬ್ಬರ ಮಾನ ಉಳಿಸಲು ಇನ್ನೊಬ್ಬರ ಮಾನ ಕಳೆಯುವುದೇ? ಉಳಿದದ್ದು ಒಂದೇ ಮುಖ, ಅವನದು.

ಈ ನಡುವೆ ಬೆಳಗಿನ ವಾಕಿಂಗ್ ಹಿಂದಿನ ಗಲ್ಲಿಯಲ್ಲೇ ಸಾಗಿತ್ತು. ಮಾವ ಒಂದು ಮಾತೂ ತಕರಾರು ಮಾಡದೆ ಬರುತ್ತಿದ್ದರು. ಒಂದು ದಿನ ರೈಲಿನ ಕತೆ ಹೇಳಿದರು. ಇನ್ನೊಂದು ದಿನ, ಬೋಗಿಯ ಕಿಟಕಿಯಿಂದ ಬರುವ ಸಂಜೆಯ ಬೆಳಕಿನಲ್ಲಿ ಎಂಥ ಕಳ್ಳನೂ ಸಾಧುವಿನ ಹಾಗೆ ಕಾಣುತ್ತಾನೆ, ಯಾಕೆ ಎಂದು ಕೇಳಿದರು. ಸಂಜೆಯ ಮಂದ ಬೆಳಕು ಬಿದ್ದಾಗ ಮುಖದ ಗೆರೆಗಳು ಹೇಗೆ ಮೆತ್ತಗಾಗುತ್ತವೆಂದು ಇವನು ಗಲ್ಲಿಯುದ್ದಕ್ಕೂ ವಿವರಿಸಿದ. ಅವರು “ಓಹೋ” ಎಂದರು. ಇಷ್ಟು ವರ್ಷ ಬರೀ ‘ಹೂಂ’ ಕೇಳಿದ್ದ ಇವನಿಗೆ ಆ ‘ಓಹೋ’ ಎಷ್ಟು ಸಂತೋಷ ಕೊಟ್ಟಿತೆಂದರೆ, ತಾನು ಅವರಿಗೆ ಮೋಸ ಮಾಡುತ್ತಿದ್ದೇನೆಂಬುದು ನೆನಪಾಗಿ ಅವರ ಮುಖ ನೋಡದೆ ಮುಂದೆ ಮುಂದೆ ನಡೆದ.

ಅಂಗಡಿಗೆ ರಜೆಯಿದ್ದ ದಿನ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗುಂಡಿ ಒತ್ತುವ ಕೆಲಸ ಹೆಂಡತಿಗೆ ಕೊಟ್ಟ. ತಾನು ಕುರ್ಚಿಯಲ್ಲಿ ಕೂತ. ಅವಳು ಕ್ಯಾಮೆರಾದಲ್ಲಿ ಕಣ್ಣಿಟ್ಟಳು.

“ಯಾಕ್ರೀ ನಗ್ತಿದ್ದೀರಾ?”

“ಎಲ್ಲಿ ನಗ್ತಿದ್ದೀನಿ?”

ನಗುತ್ತಲೇ ಇದ್ದ. ಊರಿಗೆಲ್ಲ ನಗಿ ನಗಿ ಎಂದು ಹೇಳಿ ಹೇಳಿ, ಕ್ಯಾಮೆರಾ ಕಂಡರೆ ತುಟಿ ತಾನಾಗಿಯೇ ಅರಳುತ್ತಿತ್ತು. “ಸ್ವಲ್ಪ ಅಳಿ” ಎಂದಳು. ಸೀನು ಬರುವವನ ಹಾಗೆ ಮಾಡಿದ. “ಹೊಟ್ಟೆ ಕಟ್ಟಿದೆ ಅಂದ್ಕೊಳ್ಳಿ.” ಭಾಷಣಕ್ಕೆ ನಿಂತವನ ಹಾಗೆ ಆಯಿತು. ಕೊನೆಗೆ ಅದೇ ಜಾಡಿಯನ್ನು ತಂದು, ಮುಚ್ಚಳ ಬಿಗಿ ಮಾಡಿ ಕೊಟ್ಟಳು. ಹಾಳಾದ್ದು, ಮುಟ್ಟಿದ ಕೂಡಲೇ ಕೈಗೆ ಬಂತು. ಇಬ್ಬರಿಗೂ ಸಾಕಾಯಿತು. ಅವಳು ಬೆವರು ಒರೆಸಿಕೊಂಡು, “ನಿಮ್ಮ ಕೈಲಿ ಆಗಲ್ಲ ಬಿಡಿ” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು.

“ಏನಪ್ಪಾ, ಕೆಲಸ ಸಿಕ್ತಾ?”

ಕನ್ನಡಕವಿಲ್ಲದ ಮಾವ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಸ್ವಲ್ಪನಗಿ ಹಲ್ಲು ಕಚ್ಚಿದ, ಹುಬ್ಬು ಗಂಟಾಯಿತು, ಇಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂದು ಸಿಕ್ಕಿಕೊಂಡಿತು. ಹೆಂಡತಿ ಗುಂಡಿ ಒತ್ತಿದಳು. ಫೋಟೋ ನೋಡಿದವಳು ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. ಮಾವ “ಹೂಂ” ಎಂದು ಇಳಿದು ಹೋದರು.

ಫೋಟೋ ಕಳಿಸಿದ ಸ್ವಲ್ಪ ಹೊತ್ತಿಗೇ ಅರ್ಜೆಂಟನ ಫೋನು ಬಂತು. “ಪಾಪ, ಯಾರ್ರೀ ಇವನು? ಡಾಕ್ಟರಿಗೆ ತೋರಿಸಿದ್ದಾನಾ?” ಎಂದ.

ಹೊಸ ಹೋರ್ಡಿಂಗ್ ಏರಿತು. ಹೆಂಡತಿ ತಂದೆಯ ಕನ್ನಡಕ ವಾಪಸು ಕೊಟ್ಟಳು. ಇವನು ಉಸಿರು ಬಿಗಿಹಿಡಿದು, “ಇವತ್ತು ಹಳೇ ದಾರೀಲೇ ಹೋಗೋಣ ಮಾವ” ಎಂದ. ಮೂಲೆಯಲ್ಲಿ ಮಾವನ ವಾಕಿಂಗ್ ಸ್ನೇಹಿತರೆಲ್ಲ ಬಸ್‌ಸ್ಟಾಪಿನೆದುರು ಗುಂಪಾಗಿ ನಿಂತು ಮೇಲೆ ನೋಡುತ್ತಿದ್ದರು. ಮಾವನೂ ತಲೆಯೆತ್ತಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇವನ ಹೆಗಲ ಮೇಲೆ ಕೈಯಿಟ್ಟು ಗುಂಪಿಗೆ ಹೇಳಿದರು:

“ನಮ್ಮ ಅಳಿಯ. ಕೆಲಸ ಸಿಕ್ಕಿದೆ.”

ಗುಂಪು ನಗಲಿಲ್ಲ. ಒಬ್ಬೊಬ್ಬರಾಗಿ ಬಂದು ಇವನ ಕೈ ಕುಲುಕಿದರು. ಮನೆಯೆತ್ತರದ ತನ್ನ ಹರಳೆಣ್ಣೆ ಮುಖದ ಕೆಳಗೆ ನಿಂತು, ಕಣ್ಣು ಒದ್ದೆ ಮಾಡಿಕೊಂಡು, ಇವನು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ.

ಗುಂಪು ಮುಂದೆ ಹೋದ ಮೇಲೆ ಮಾವ ಮೆಲ್ಲಗೆ ಹೇಳಿದರು. “ಹಳೇದು ಇದಕ್ಕಿಂತ ಚೆನ್ನಾಗಿತ್ತು.”

“ಯಾವ ಹಳೇದು ಮಾವ?”

“ನಂದು.”

ಇವನು ನಡೆಯುತ್ತಿದ್ದವನು ಅಲ್ಲೇ ನಿಂತ.

“ಅಂಟಿಸಿದ ದಿನಾನೇ ನೋಡಿದೆ. ಅಂಟಿಸ್ತಿದ್ದವನು ಏಣಿ ಮೇಲಿಂದ ಅದನ್ನೂ ನೋಡಿದ, ನನ್ನೂ ನೋಡಿದ. ‘ಈಗ ಹೇಗಿದೆ ಸಾರ್ ಹೊಟ್ಟೆ’ ಅಂದ.”

“ಮತ್ತೆ ಕನ್ನಡಕ...”

“ಇನ್ನೊಂದು ಕನ್ನಡಕ ಜೇಬಲ್ಲಿತ್ತು. ಅವಳ ಅಂಗಡೀದೇ. ನಮ್ಮ ಗುಂಪಿಗೂ ಬಾಯಿ ಬಿಡಬೇಡಿ ಅಂತ ನಾನೇ ಹೇಳಿದ್ದೆ.”

“ಮಾವ, ನಿಮಗೆ ಕೋಪ ಬರಲಿಲ್ವಾ?”

“ಬರದೆ ಏನು? ನಿನ್ನ ಚಳಿ ಬಿಡಿಸ್ತೀನಿ ಅಂತಲೇ ಮಹಡಿ ಹತ್ತಿ ಬಂದೆ. ನೀನು ಬಾಗಿಲು ತೆಗೆದೆ, ಟಿಕೆಟ್ ಇಲ್ಲದವನ ಮುಖ ಹೊತ್ಕೊಂಡು. ‘ನಿಮ್ಮ ಜೊತೆ ವಾಕಿಂಗ್ ಬರ್ತೀನಿ’ ಅಂದೆ. ಇಷ್ಟು ವರ್ಷದಲ್ಲಿ ಒಂದು ದಿನ ಜೊತೆಗೆ ಬಂದಿದ್ಯಾ ನೀನು?”

ಇವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ, “ಆವತ್ತು ಬಾಗಿಲಲ್ಲಿ ಬಂದು ಕೇಳಿದ್ರಲ್ಲ...” ಎಂದ.

“ಬೇಕಂತಲೇ. ನಿನ್ನ ಮುಖ ಬರ್ತಾನೇ ಇರಲಿಲ್ಲ. ಎಷ್ಟು ಹೊತ್ತು ಅಂತ ಮೆಟ್ಟಿಲ ಮೇಲೆ ನಿಂತು ನೋಡಲಿ?”

ಮಾವ ಮೀಸೆ ಸರಿಮಾಡಿಕೊಂಡು, ಹಿಂದಿನ ಗಲ್ಲಿಯ ಕಡೆ ತಿರುಗಿದರು. “ಈ ಕಡೆಯಿಂದಾನೇ ಹೋಗೋಣ ಬಾ. ಅಲ್ಲಿ ಬಿಸಿಲು ಜಾಸ್ತಿ” ಎಂದರು.

ಆಕಾಶದ ತುಂಬ ಮೋಡವಿತ್ತು. ಅಳಿಯ “ಹೂಂ, ಆಯ್ತು” ಎಂದು ಅವರ ಜೊತೆ ನಡೆದ.