ಅಕ್ಕಿ ಡಬ್ಬಿಯೊಳಗಿನ ಲೆನ್ಸು

ಸಿರುಗುಪ್ಪದ ನಮ್ಮ ಓಣಿಯಲ್ಲಿ ಮದುವೆ ಫೋಟೊ ತೆಗೆಯುವವರೊಬ್ಬರಿದ್ದಾರೆ. ಲೆನ್ಸ್ ಒರೆಸುವಾಗ ಉಸಿರು ಬಿಗಿಹಿಡಿಯುತ್ತಾರೆ. ಯಾರಾದರೂ ಹತ್ತಿರ ಹೋದರೆ ಅಂಗೈ ಅಡ್ಡ ಹಿಡಿದು, "ತ್ಯಾವ ಬಡೀಬಾರ್ದು ನೋಡ್ರಿ" ಎನ್ನುತ್ತಾರೆ. ಅವರ ಮನೆಯ ಹಿಂದೆಯೇ ಕಾಲುವೆ, ಅದರಾಚೆ ನೀರು ನಿಂತ ಗದ್ದೆ. ಲೆನ್ಸಿಗೆ ಬೂಷ್ಟು ಹಿಡಿದೀತೆಂದು ಹೆದರಿ, ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಅಕ್ಕಿ ತೇವವನ್ನೆಲ್ಲ ಹೀರಿಕೊಳ್ಳುತ್ತದೆಂಬುದು ಅವರ ನಂಬಿಕೆ.

ನನ್ನ ಅಕ್ಕನ ಮದುವೆಯ ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ತಂದ ದಿನ ಅವರ ಮುಖ ಸಪ್ಪಗಿತ್ತು. ಒಂದೊಂದು ಚಿತ್ರವೂ ಮಂಜು ಮಂಜು.

"ತಪ್ಪಾತ್ರಿ. ಅಕ್ಕಿಗೆ ಹುಳ ಬೀಳ್ತಾವಂತ ನಮ್ಮವ್ವ ಹರಳೆಣ್ಣಿ ಕಲಸ್ಯಾಳ. ಲೆನ್ಸಿಗೂ ಹುಳ ಹತ್ತಬಾರ್ದಂತ ಬಟ್ಟಿ ಬಿಚ್ಚಿ ಒಂದೀಟು ಸವರ್ಯಾಳ. ಮದುವಿ ದಿನ ಮಂಜು ಕಂಡಾಗ ನಾ ಅದು ಅಡಿಗಿ ಹೊಗಿ ಅಂತ ತಿಳ್ಕಂಡಿದ್ನಿ."

ಮದುವೆಯನ್ನು ಇನ್ನೊಮ್ಮೆ ಮಾಡಲಾಗುತ್ತದೆಯೇ? ಅಷ್ಟರಲ್ಲಿ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಮುಂದೆ ಬಾಗಿದರು.

"ಅಯ್ಯ, ನನ್ನ ಮಾರಿ ಮ್ಯಾಲಿನ ಸುಕ್ಕು ಎಲ್ಲಿ ಹೋದ್ವು? ಇಷ್ಟ್ ಚಂದ ನನ್ನ ಯಾರೂ ತೆಗ್ದಿಲ್ಲ. ಇದನ್ನ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡಪ್ಪ!"

ಮೊನ್ನೆ ತಮ್ಮನ ನಿಶ್ಚಿತಾರ್ಥಕ್ಕೆ ಅವರನ್ನು ಕರೆಯಲು ಹೋಗಿದ್ದೆ. ಲೆನ್ಸ್ ಈಗ ರಬ್ಬರ್ ಮುಚ್ಚಳದ ಬಿಗಿ ಡಬ್ಬಿಯಲ್ಲಿತ್ತು. ಜೊತೆಗೆ ಹೊಸ ಚಪ್ಪಲಿಗಳೊಡನೆ ಬರುವ ತೇವ ಹೀರುವ ಪೊಟ್ಟಣಗಳು. ನಾನು ಬಾಗಿ ನೋಡಿದೆ. ಅಂಗೈ ಅಡ್ಡ ಬಂತು.

"ತ್ಯಾವ ಬಡೀಬಾರ್ದು ನೋಡ್ರಿ."

ಆಮೇಲೆ ದನಿ ತಗ್ಗಿಸಿ ಕೇಳಿದರು:

"ದೊಡ್ಡಮ್ಮಾರು ಬರ್ತಾರೇನ್ರಿ? ಬರೂದಾದ್ರ ಈಗ್ಲೇ ಹೇಳ್ರಿ, ಅವ್ವನ ಕೈಲಿ ಎಣ್ಣಿ ಹಚ್ಚಿಸ್ಬೇಕು."