ಮೇಡಂ ಏನೂ ಹೇಳಲಿಲ್ಲ

ನಗರಸಭೆಯ ಕಾಮಗಾರಿ ವಿಭಾಗದಲ್ಲಿ ಎಲ್ಲರೂ ತಮ್ಮ ಹಿರಿಯ ಎಂಜಿನಿಯರನ್ನು ಬೆನ್ನ ಹಿಂದೆ ‘ನೀರಿನ ಬಾಟಲಿ ಮೇಡಂ’ ಎನ್ನುತ್ತಿದ್ದರು. ರಸ್ತೆ ನೋಡಲು ಹೋಗಲಿ, ಚರಂಡಿ ನೋಡಲು ಹೋಗಲಿ, ಕುಡಿಯುವ ನೀರು ಮನೆಯಿಂದಲೇ ಬರುತ್ತಿತ್ತು. ಗುತ್ತಿಗೆದಾರರ ಚಹಾ ಮುಟ್ಟಿದವರಲ್ಲ. ಒಮ್ಮೆ ಬಿಸಿಲಿಗೆ ತಲೆ ಸುತ್ತಿ ಸಿಮೆಂಟ್ ಮೂಟೆಯ ಮೇಲೆ ಕುಸಿದು ಕುಳಿತಾಗ ಗುತ್ತಿಗೆದಾರನೊಬ್ಬ ಓಡಿ ಬಂದು ಕೊಡೆ ಹಿಡಿದನಂತೆ. ಮೇಡಂ ಕಣ್ಣು ಬಿಟ್ಟು, ಕೊಡೆ ಯಾರದೆಂದು ನೋಡಿ, ನೆರಳಿನಿಂದ ಆಚೆ ಸರಿದು ಕುಳಿತರಂತೆ.

ಕೆಲಸದಲ್ಲಿ ಖಡಕ್. ಗೋಡೆಯನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಟೊಳ್ಳು ಸದ್ದು ಬಂದರೆ ಆ ಗುತ್ತಿಗೆದಾರನಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ, ತಾಯಿಯೊಡನೆ ಸಣ್ಣ ಮನೆಯಲ್ಲಿದ್ದರು. ತಾಯಿಗೆ ಕಿವಿ ಮಂದ. ಒಬ್ಬಳೇ ತಂಗಿ, ಎರಡು ಬೀದಿ ಆಚೆ. ತಂಗಿಯ ಗಂಡನದು ವೆಲ್ಡಿಂಗ್ ಶಾಪ್. ಗೇಟು, ಕಿಟಕಿ ಕಂಬಿ, ಮಹಡಿ ಮೆಟ್ಟಿಲು ಮಾಡುತ್ತಿದ್ದ. ಕೈಕೆಲಸ ಕೆಟ್ಟದ್ದಲ್ಲ, ಆಸೆ ಮಾತ್ರ ಗೇಟಿಗಿಂತ ದೊಡ್ಡದು.

ನಗರಸಭೆ ಬಸ್ ತಂಗುದಾಣಗಳಿಗೆ ಟೆಂಡರ್ ಕರೆದಾಗ ಅವನು ಅಕ್ಕನ ಮನೆಗೆ ಬಂದು ಒಂದು ಮಾತು ಕೇಳಿದ. ಹಾಕುವುದಿದ್ದರೆ ಎಲ್ಲರಂತೆ ಹಾಕು, ನನ್ನ ಹತ್ತಿರ ಆ ವಿಷಯ ಎತ್ತಬೇಡ ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಅವನು ಎತ್ತಲಿಲ್ಲ. ಟೆಂಡರ್ ಸಲ್ಲಿಸುವ ಕೊನೆಯ ದಿನ ಮಾತ್ರ, ಬೇರೆ ಗುತ್ತಿಗೆದಾರರು ಮೊಹರು ಹಾಕಿದ ಲಕೋಟೆ ಹಿಡಿದು ಮೊಗಸಾಲೆಯಲ್ಲಿ ಕಾಯುತ್ತಿದ್ದಾಗ, ಬಾಗಿಲು ತಟ್ಟದೆ ಸೀದಾ ಮೇಡಂ ಕೋಣೆಗೆ ನುಗ್ಗಿ ಮೇಜಿನ ಮೇಲೆ ಊಟದ ಡಬ್ಬಿ ಇಟ್ಟ.

“ಅಕ್ಕಾ, ಡಬ್ಬಿ ಮನೇಲೇ ಬಿಟ್ಟು ಬಂದಿದ್ರಿ. ಬಿಸಿ ಇರುವಾಗಲೇ ಊಟ ಮಾಡಿ,” ಎಂದ. ಮೊಗಸಾಲೆಯ ಕೊನೆಯವರೆಗೂ ಕೇಳಿಸುವಷ್ಟು ಅಕ್ಕರೆಯಿಂದ ಹೇಳಿದ.

ಮೇಡಂ ಡಬ್ಬಿ ಮರೆತದ್ದು ನಿಜ. ಹಸಿವೂ ಆಗಿತ್ತು. ಊಟ ಮಾಡಿದರು. ಹೊರಗೆ ಕಾಯುತ್ತಿದ್ದವರಲ್ಲಿ ಹೆಚ್ಚಿನವರು ಲಕೋಟೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ಹೋದರು. ಉಳಿದೊಬ್ಬ ಮರ್ಯಾದೆಗೆಂದು ಯಾರೂ ಒಪ್ಪಲಾಗದ ಮೊತ್ತ ಬರೆದು ಹಾಕಿದ. ಕೆಲಸ ತಂಗಿಯ ಗಂಡನಿಗೆ ಸಿಕ್ಕಿತು.

ಮೇಡಂಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಅವನ ಬೆಲೆಯೇ ಕಡಿಮೆ ಇತ್ತು. ಅವನು ತಮಗೇನಾಗಬೇಕೆಂದು ಮೇಲಧಿಕಾರಿಗೆ ಬರೆದು ತಿಳಿಸಬೇಕಿತ್ತು. ಊರಿಗೇ ಗೊತ್ತಿರುವುದನ್ನು ಬರೆಯುವುದೇನು ಎಂದು ಬಿಟ್ಟರು. ಅಷ್ಟಾದರೂ ತಮ್ಮ ಮೇಲೆ ಬೆರಳು ತೋರಿಸುವಂತಾಗಬಾರದೆಂದು ಉಸ್ತುವಾರಿಯನ್ನು ಕಿರಿಯ ಎಂಜಿನಿಯರಿಗೆ ಒಪ್ಪಿಸಿ, ತಂಗುದಾಣಗಳ ಕಡೆ ತಲೆಯೇ ಹಾಕಲಿಲ್ಲ. ಸುತ್ತಿಗೆಯೂ ಹೋಗಲಿಲ್ಲ. ಕೊನೆಯ ಬಿಲ್ಲು ಬಂದಾಗ ಕಿರಿಯನ ವರದಿ ನಂಬಿ ಸಹಿ ಹಾಕಿದರು. ತಾವೇ ಹೋಗಿ ನೋಡಿದರೆ ಪಕ್ಷಪಾತವಾದೀತು ಎಂಬುದು ಅವರ ಲೆಕ್ಕಾಚಾರ.

ಮಳೆಗಾಲ ಬಂತು. ಮೇಡಂ ಸ್ಕೂಟರು ಕೆಟ್ಟು ಗ್ಯಾರೇಜು ಸೇರಿತು. ಒಂದು ಸಂಜೆ ಬಸ್ಸಿಗೆಂದು ಆಸ್ಪತ್ರೆಯ ಎದುರಿನ ಹೊಸ ತಂಗುದಾಣಕ್ಕೆ ಹೋದರು. ಜೋರು ಮಳೆ. ವಿಚಿತ್ರವೆಂದರೆ ಜನರೆಲ್ಲ ಕೊಡೆ ಹಿಡಿದು ತಂಗುದಾಣದ ಹೊರಗೆ ನಿಂತಿದ್ದರು. ಒಳಗೆ ಯಾರೂ ಇರಲಿಲ್ಲ. ಮೇಡಂ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತರು. ಕುಳಿತ ಮೇಲೆ ಕಾರಣ ತಿಳಿಯಿತು. ತಗಡಿನ ಚಾವಣಿ ಹಿಂದಕ್ಕೆ ಇಳಿಜಾರಾಗುವ ಬದಲು ನಡುವಿಗೆ ಇಳಿದಿತ್ತು. ಚಾವಣಿಯ ಅಷ್ಟೂ ನೀರು ಒಟ್ಟುಗೂಡಿ, ಎರಡು ತಗಡು ಕೂಡುವ ಸಂದಿನಿಂದ ಕುಳಿತವರ ಕುತ್ತಿಗೆಗೇ ಗುರಿಯಿಟ್ಟು ಸುರಿಯುತ್ತಿತ್ತು.

ಹೊರಗೆ ನಿಂತಿದ್ದ ಒಬ್ಬ ಅಜ್ಜಿ ಕೊಡೆ ಸರಿಸಿ ಜಾಗ ಕೊಟ್ಟರು.

“ಒಳಗೆ ಹೋಗಬಾರದು ಕಣಮ್ಮ, ನೆನೀತೀರಿ. ಹೊಸಬರಾ?”

ದೂರು ಕೊಡಲಿಲ್ಲವೇ ಎಂದು ಮೇಡಂ ಕೇಳಿದರು.

“ಕೊಟ್ಟು ಏನು ಮಾಡೋದು? ಕಟ್ಟಿದೋನು ಆ ನೀರಿನ ಬಾಟಲಿ ಮೇಡಂ ಕಡೆಯೋನಂತೆ. ಆಕೆ ಬಾಯಿ ಭಾರೀ ಜೋರಂತೆ. ಆಫೀಸಲ್ಲಿ ಯಾರೂ ಉಸಿರೆತ್ತಲ್ಲ ಅಂತಾರೆ.”

ಮೇಡಂ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಚೀಲದೊಳಗೆ ಇಳಿಬಿಟ್ಟರು. ಬಸ್ಸು ಬಂತು; ಅಜ್ಜಿ ಹತ್ತಿದರು. ಮೇಡಂ ಹತ್ತಲಿಲ್ಲ. ನೆನೆಯುತ್ತಲೇ ಮುಂದಿನ ತಂಗುದಾಣಕ್ಕೆ ನಡೆದು ಹೋದರು. ಅಲ್ಲಿಯೂ ಜನ ಹೊರಗೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಸೀನುತ್ತಲೇ ಕಿರಿಯ ಎಂಜಿನಿಯರನ್ನು ಕರೆಸಿದರು. ಚಾವಣಿ ನಕ್ಷೆಯಂತಿಲ್ಲ, ಹೇಗೆ ಪಾಸು ಮಾಡಿದೆ ಎಂದು ಕೇಳಿದರು. ಅವನು ಪಾಪ ಗಾಬರಿಯಾದ.

“ನೀವೇ ಹೇಳಿದ್ರಲ್ಲ ಮೇಡಂ.”

“ನಾನು ಏನು ಹೇಳಿದೆ?”

“ಏನೂ ಹೇಳಲಿಲ್ಲ.”

ಆಮೇಲೆ ಅವನೇ ಬಿಡಿಸಿ ಹೇಳಿದ. ಬೇರೆಯವರ ಕೆಲಸಕ್ಕೆ ಮೇಡಂ ಹತ್ತು ಸಲ ಬಂದು ಬೈಯುತ್ತಾರೆ, ಕೆಡವಿಸುತ್ತಾರೆ. ಈ ಕೆಲಸಕ್ಕೆ ಒಮ್ಮೆಯೂ ಬರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದರೆ ನೋಡಬೇಡ ಎಂದರ್ಥ ಎಂದು ಇಡೀ ವಿಭಾಗ ತಿಳಿದುಕೊಂಡಿತ್ತು. ಚಾವಣಿ ತಿರುಗುಮುರುಗಾಗಿದೆ ಎಂದು ಅವನು ಒಮ್ಮೆ ಗುತ್ತಿಗೆದಾರನಿಗೆ ಹೇಳಿದ್ದ. ‘ಅಕ್ಕನ್ನ ಕೇಳಿ ಹೇಳ್ತೀನಿ’ ಎಂದು ತಂಗಿಯ ಗಂಡ ನಕ್ಕಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು. ಟೆಂಡರ್ ದಿನ ಊಟದ ಡಬ್ಬಿ ನೋಡಿ ಬೇರೆ ಗುತ್ತಿಗೆದಾರರು ಎದ್ದು ಹೋದ ವಿಷಯವೂ ಆಗಲೇ ಹೊರಬಿತ್ತು. ತಂಗಿಯ ಗಂಡನಿಗೆ ಕಚೇರಿಯಲ್ಲಿ ‘ಡಬ್ಬಿ’ ಎಂದು ಹೆಸರು ಬಿದ್ದಿತ್ತು. ಅದು ಗೊತ್ತಿಲ್ಲದಿದ್ದವರು ಮೇಡಂ ಒಬ್ಬರೇ.

ಅವತ್ತು ಮಧ್ಯಾಹ್ನ ಮೇಡಂ ಊಟ ಮಾಡಲಿಲ್ಲ. ಇಷ್ಟು ವರ್ಷ ಕೈ ಚೊಕ್ಕಟವಾಗಿಟ್ಟುಕೊಂಡರೆ ಸಾಕು ಎಂದುಕೊಂಡಿದ್ದರು. ಕೈಯನ್ನು ಕಾಯುತ್ತಿದ್ದವರಿಗೆ ಕುರ್ಚಿಯನ್ನು ಯಾರು ಬಳಸುತ್ತಿದ್ದಾರೆಂದು ನೋಡಲು ಹೊಳೆದಿರಲಿಲ್ಲ. ಸಂಜೆಗೆ ಎದ್ದು ಮೇಲಧಿಕಾರಿಯ ಬಳಿ ಹೋಗಿ, ಸಂಬಂಧವನ್ನು ಬರೆದು ತಿಳಿಸದಿದ್ದದ್ದು, ನೋಡದೆ ಸಹಿ ಹಾಕಿದ್ದು ಎಲ್ಲವನ್ನೂ ಹೇಳಿದರು. ಹೊರಗಿನವರಿಂದ ತನಿಖೆಯಾಗಲಿ, ತಮ್ಮ ಮೇಲೂ ಆಗಲಿ ಎಂದು ಕೇಳಿದರು. ಮೇಲಧಿಕಾರಿಗೆ ನಿವೃತ್ತಿ ಹತ್ತಿರವಾಗಿತ್ತು. ತನಿಖೆಯ ತಲೆನೋವು ಬೇಡವಾಗಿತ್ತು. ನಾಲ್ಕು ತಗಡು ತಿರುಗಿಸಿ ಹಾಕಿಸಿಬಿಡಿ ಎಂದರು.

“ನೀವೇನೂ ದುಡ್ಡು ತಿಂದಿಲ್ಲವಲ್ಲಮ್ಮ.”

“ತಿಂದಿಲ್ಲ ಸರ್. ಹೆದರಿಸಿದ್ದೀನಿ. ಅದೂ ಬಾಯಿ ಬಿಡದೆ.”

ತನಿಖೆ ನಡೆಯಿತು. ಡಬ್ಬಿ ಸ್ವಂತ ಖರ್ಚಿನಲ್ಲಿ ಅಷ್ಟೂ ಚಾವಣಿ ಬದಲಿಸಬೇಕಾಯಿತು, ನಗರಸಭೆಯ ಟೆಂಡರುಗಳಿಂದ ಹೊರಬಿದ್ದ. ಕಿರಿಯ ಎಂಜಿನಿಯರಿಗೆ ಎಚ್ಚರಿಕೆ ಕೊಟ್ಟರು. ಮೇಡಂಗೆ ಬಡ್ತಿ ನಿಂತಿತು. ಹಳೆಯ ನಕ್ಷೆಗಳ ಕೋಣೆಗೆ ವರ್ಗವಾಯಿತು. ಅಲ್ಲಿ ತಟ್ಟಲು ಗೋಡೆಯಿತ್ತು, ಬೈಯಲು ಯಾರೂ ಇರಲಿಲ್ಲ. ಹುಚ್ಚು ಎಂದು ಕಚೇರಿಯಲ್ಲಿ ಕೆಲವರು ಆಡಿಕೊಂಡರು. ಸಹೋದ್ಯೋಗಿಯೊಬ್ಬರು ಮಾತ್ರ ತಮ್ಮ ಸೋದರಳಿಯನೂ ಗುತ್ತಿಗೆದಾರ ಎಂದು ಸದ್ದಿಲ್ಲದೆ ಬರೆದು ಕೊಟ್ಟರು.

ತಂಗಿ ಮಾತು ಬಿಟ್ಟಳು. ತಾಯಿಯನ್ನು ನೋಡಲು ಮಾತ್ರ ತಪ್ಪದೆ ಬರುತ್ತಿದ್ದಳು. ಅಕ್ಕ ತಂಗಿ ಒಂದೇ ಕೋಣೆಯಲ್ಲಿ ಕುಳಿತು ತಾಯಿಯ ಮೂಲಕ ಮಾತಾಡುತ್ತಿದ್ದರು. ‘ಚಾವಣಿಗೆ ಮಾಡಿದ ಸೊಸೈಟಿ ಸಾಲ ತೀರಿಸೋಕೆ ಬಳೆ ಮಾರಿದ್ವಿ ಅಂತ ಹೇಳಮ್ಮ ನಿನ್ನ ಮಗಳಿಗೆ’ ಎಂದು ತಂಗಿ ಹೇಳಿದರೆ, ತಾಯಿ ತಿರುಗಿ, ‘ಬಾಳೆಹಣ್ಣು ಮಾರ್ತಾರಂತೆ ಕಣೇ’ ಎನ್ನುತ್ತಿದ್ದರು. ತಂಗಿ ಹೋದ ಮೇಲೆ ಮೇಡಂ ಬಹಳ ಹೊತ್ತು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದರು.

ತಂಗಿಯ ಗಂಡ ಮತ್ತೆ ಗೇಟು, ಕಿಟಕಿಗೆ ಇಳಿದ. ಮನೆ ಕಟ್ಟಿಸುವವರು ಪಕ್ಕದಲ್ಲೇ ನಿಂತು ಒಂದೊಂದು ಬೆಸುಗೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುವುದರಿಂದ ಅವನ ಕೆಲಸಕ್ಕೆ ಒಳ್ಳೆಯ ಹೆಸರು ಬಂತು. ಒಂದು ಭಾನುವಾರ ತಂಗಿ ಬಂದವಳು, ತಾಯಿ ನಿದ್ದೆ ಹೋಗಿದ್ದರಿಂದ, ಬೇರೆ ದಾರಿಯಿಲ್ಲದೆ ನೇರವಾಗಿ ಮಾತಾಡಿದಳು.

“ನಿನ್ನ ಗೇಟು ಜೋತು ಬಿದ್ದಿದೆ. ಇವರು ಬಂದು ಸರಿ ಮಾಡಿಕೊಡ್ತಾರಂತೆ.”

“ಎಷ್ಟಾಗುತ್ತೆ ಅಂತ ಹೇಳಲಿ. ಇನ್ನಿಬ್ಬರನ್ನೂ ಕೇಳಿ ನೋಡ್ತೀನಿ.”

ತಂಗಿ ಅಕ್ಕನ ಮುಖವನ್ನೇ ದಿಟ್ಟಿಸಿದಳು. “ನೀನು ಸುಧಾರಿಸೋದಿಲ್ಲ,” ಎಂದು ಹೇಳಿ, ಒಳಗೆ ಹೋಗಿ ಚಹಾ ಮಾಡಿ ತಂದಳು. ಮೇಡಂ ಕುಡಿದರು.

ಮೂವರಲ್ಲಿ ತಂಗಿಯ ಗಂಡನ ಬೆಲೆಯೇ ಹೆಚ್ಚಿತ್ತು. ಕೆಲಸ ಮೂಲೆಯಂಗಡಿಯವನಿಗೆ ಹೋಯಿತು. ತಂಗಿ ಸಿಟ್ಟಾದಳು. ಆದರೆ ಈ ಸಲ ಸಿಟ್ಟನ್ನು ಅಕ್ಕನಿಗೇ, ಮುಖಾಮುಖಿ, ಮನಸ್ಸು ತುಂಬುವಷ್ಟು ಹೇಳಿ ಹೋದಳು.